ಹಳೇ ಮಿಲಿಟರಿ ಜೀಪನ್ನು ಟ್ರೇಲರ್ ಮೇಲೆ ತರುವ ಮುನ್ನ

ಮಲೆನಾಡು, ಕೊಡಗಿನ ತೋಟದ ಶೆಡ್ಡುಗಳಲ್ಲಿ ಇವತ್ತಿಗೂ ಹಳೇ ಜೀಪುಗಳು ಮೂಲೆ ಹಿಡಿದು ನಿಂತಿರುತ್ತವೆ. ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್, ಅದೇ ವಂಶದ ಮಹೀಂದ್ರ ಸಿಜೆ-3ಬಿ, ಜಬಲ್‌ಪುರದಲ್ಲಿ ಸೇನೆಗಾಗಿ ತಯಾರಾದ ಜೋಂಗಾ. ಮೊಬೈಲಲ್ಲಿ ಫೋಟೋ ನೋಡಿ, ರೇಟು ಮಾತಾಡಿ, ಭಾನುವಾರ ಟ್ರ್ಯಾಕ್ಟರ್ ತಗೊಂಡು ಹೊರಟೇಬಿಡುವ ಗೆಳೆಯರು ನನಗೆ ತುಂಬಾ ಜನ ಇದ್ದಾರೆ. ಗಾಡಿ ಸ್ಟಾರ್ಟ್ ಆಗಲ್ಲ, ಬ್ರೇಕ್ ಹಿಡಿಯಲ್ಲ, ಟೈರು ಬಿರಿದಿದೆ. ಹಗ್ಗ ಕಟ್ಟಿ ಎಳೆಯೋ ಮಾತೇ ಇಲ್ಲ. ಹಾಗಾಗಿ ಟ್ರೇಲರ್.

"ಮೂರು ಟನ್ ಗೊಬ್ಬರ ಹೊರುವ ಟ್ರೇಲರಿಗೆ ಒಂದು ಜೀಪು ಯಾವ ಲೆಕ್ಕ?" ಅಂತ ಕೇಳುತ್ತಾರೆ. ತೂಕದ ಮಟ್ಟಿಗೆ ಮಾತು ಸರಿ. ವಿಲ್ಲಿಸ್ ಎಂಬಿ ಸುಮಾರು 1,100 ಕೆ.ಜಿ. ಅಷ್ಟೇ. ಆದರೆ ಗೊಬ್ಬರ ತೊಟ್ಟಿ ತುಂಬಾ ಹರಡಿ ಕೂರುತ್ತೆ, ಉರುಳಲ್ಲ. ಜೀಪಿನ ಭಾರ ನಾಲ್ಕೇ ಜಾಗದಲ್ಲಿ ಕೂರುತ್ತೆ, ಅದೂ ಚಕ್ರದ ಮೇಲೆ. ಎಷ್ಟು ಭಾರ ಅನ್ನೋದಕ್ಕಿಂತ ಭಾರ ಎಲ್ಲಿ ಕೂತಿದೆ ಅನ್ನೋದು ಇಲ್ಲಿ ಮುಖ್ಯ.

ಹೊರಡುವ ಮೊದಲು ಟೇಪು ಹಿಡಿಯಿರಿ. ವಿಲ್ಲಿಸ್ ಉದ್ದ 11 ಅಡಿ, ಅಗಲ 5 ಅಡಿ 2 ಇಂಚು, ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 6 ಅಡಿ 8 ಇಂಚು. 10 ಅಡಿ ತೊಟ್ಟಿಯಲ್ಲಿ ಚಕ್ರ ನಾಲ್ಕೂ ಕೂರುತ್ತವೆ, ಹಿಂದಿನ ಬಾಗಿಲು ಮಾತ್ರ ಬಿಚ್ಚಬೇಕು. ಜೋಂಗಾ ಇದಕ್ಕಿಂತ ದೊಡ್ಡದು, ಭಾರವೂ ಜಾಸ್ತಿ. ಅದಕ್ಕೆ ಟ್ರ್ಯಾಕ್ಟರ್ ಟ್ರೇಲರ್ ಬೇಡವೇ ಬೇಡ ಅಂತೀನಿ.

ಅತಿ ಹೆಚ್ಚು ಅಪಾಯ ಇರೋದು ರಸ್ತೆಯಲ್ಲಲ್ಲ, ಹತ್ತಿಸುವಾಗ. ನಮ್ಮಲ್ಲಿ ಬಹುಪಾಲು ಟ್ರೇಲರ್‌ಗಳು ಎರಡು ಚಕ್ರದವು. ಜೀಪಿನ ಮುಂದಿನ ಚಕ್ರ ತೊಟ್ಟಿಯ ಹಿಂದಿನ ಅಂಚಿಗೆ ಬಂದ ಕ್ಷಣ ಭಾರವೆಲ್ಲ ಟ್ರೇಲರಿನ ಆಕ್ಸಲ್‌ಗಿಂತ ಹಿಂದೆ ಬೀಳುತ್ತೆ. ತಕ್ಕಡಿ ಥರ ಹಿಂಬದಿ ಕೆಳಗೆ, ಮೂಕಿ ಮೇಲಕ್ಕೆ. ಮೂಕಿ ಮೇಲೆದ್ದರೆ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳೂ ಹಗುರಾಗುತ್ತವೆ. ಟ್ರ್ಯಾಕ್ಟರಿಗೆ ಬ್ರೇಕ್ ಇರೋದೇ ಆ ಎರಡು ಚಕ್ರಕ್ಕೆ! ನಮ್ಮ ಕಡೆ ಒಂದು ತೋಟದಲ್ಲಿ ಹೀಗೇ ಟ್ರ್ಯಾಕ್ಟರ್ ಸಮೇತ ಟ್ರೇಲರ್ ಎರಡು ಮಾರು ಜಾರಿದ್ದನ್ನ ಕಣ್ಣಾರೆ ನೋಡಿದ್ದೀನಿ. ಹಿಂದೆ ಯಾರೂ ನಿಂತಿರಲಿಲ್ಲ, ಅದೊಂದೇ ಪುಣ್ಯ.

ಪರಿಹಾರ ಬಹಳ ಸರಳ. ತೊಟ್ಟಿಯ ಹಿಂಬದಿ ಚಾಸಿಸ್ ಕೆಳಗೆ ಎರಡೂ ಕಡೆ ಮರದ ದಿಮ್ಮಿ ಕೊಟ್ಟು ಬಿಗಿ ಮಾಡಿ. ಟ್ರ್ಯಾಕ್ಟರ್ ಕಳಚಬೇಡಿ, ಅದರ ಚಕ್ರಕ್ಕೂ ಟ್ರೇಲರ್ ಚಕ್ರಕ್ಕೂ ಕಲ್ಲು ಕೊಡಿ. ಹಲಗೆ ಇಳಿಜಾರಿಗಿಂತ ಮಣ್ಣಿನ ದರೆಯೇ ಒಳ್ಳೇದು: ತೊಟ್ಟಿಯ ಎತ್ತರಕ್ಕೆ ಸಮನಾದ ದರೆ ಹುಡುಕಿ, ಅದಕ್ಕೆ ಟ್ರೇಲರನ್ನು ಹಿಮ್ಮುಖ ಆನಿಸಿದರೆ ಜೀಪು ಹೆಚ್ಚುಕಮ್ಮಿ ನೆಲದ ಮಟ್ಟದಲ್ಲೇ ಒಳಗೆ ಬರುತ್ತೆ. ಎಳೆಯೋಕೆ ಕೈಯಿಂದ ನಡೆಸುವ ಚೈನ್ ಪುಲ್ಲಿ ಸಾಕು. ಸ್ಟೀರಿಂಗ್ ನೇರ ಮಾಡಿ ಕಟ್ಟಿ, ಒಳಗೆ ಯಾರೂ ಕೂರಬಾರದು. ಚಕ್ರದ ಹಿಂದೆ ಕಟ್ಟಿಗೆ ತುಂಡು ಕೊಡುತ್ತಾ ಬರುವವನು ಪಕ್ಕದಲ್ಲಿರಲಿ, ಜೀಪಿನ ಹಿಂದೆ ಅಲ್ಲ.

ಎಂಜಿನ್ ಮುಂದಿರುವಂತೆ ಹತ್ತಿಸಿ. ಒಟ್ಟು ಭಾರದ ಶೇ. 10ರಿಂದ 15ರಷ್ಟು ಮೂಕಿಯ ಮೇಲೆ ಬರಬೇಕು ಅನ್ನೋದು ರೂಢಿಯ ಲೆಕ್ಕ. ಅಂದರೆ ಜೀಪಿನ ನಡು ಟ್ರೇಲರ್ ಆಕ್ಸಲ್‌ಗಿಂತ ಸ್ವಲ್ಪ ಮುಂದೆ. ತೀರಾ ಮುಂದೆ ತಂದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಸ್ಟೀರಿಂಗ್ ಮಾತು ಕೇಳಲ್ಲ.

ಇನ್ನು ಕಟ್ಟೋದು. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಸರಕಿನ ತೂಕದ ಶೇ. 80ರಷ್ಟು ಬಲ ಮುಂದಕ್ಕೆ ನುಗ್ಗುತ್ತೆ ಅಂತ ಲೆಕ್ಕ ಹಿಡಿಯುತ್ತಾರೆ, ವಿಲ್ಲಿಸ್‌ಗೆ ಅದು ಸುಮಾರು 900 ಕೆ.ಜಿ. ನೈಲಾನ್ ಹಗ್ಗ ಹಿಗ್ಗುತ್ತೆ, ತೆಂಗಿನ ಹಗ್ಗದ ಮಾತು ಬಿಡಿ. 50 ಮಿ.ಮೀ. ಅಗಲದ ರ‍್ಯಾಚೆಟ್ ಬೆಲ್ಟ್ ನಾಲ್ಕು ತನ್ನಿ, ಒಂದೊಂದು ಮೂಲೆಗೆ ಒಂದೊಂದು. ಬೆಲ್ಟನ್ನು ಬಾಡಿಗಲ್ಲ, ಆಕ್ಸಲ್‌ಗೆ ಹಾಕಿ. ತುಕ್ಕು ಹಿಡಿದ ಬಾಡಿಯನ್ನು ನಂಬುವಂತಿಲ್ಲ. ಆಕ್ಸಲ್‌ಗೆ ಹಾಕಿದರೆ ಪ್ಲೇಟು ಕುಣಿದರೂ ಬೆಲ್ಟ್ ಸಡಿಲಾಗಲ್ಲ. ಹಿಂದಿನ ಆಕ್ಸಲ್ ಮೇಲೆ ಹಾದುಹೋಗುವ ಬ್ರೇಕ್ ಪೈಪು ನಜ್ಜಾಗದಂತೆ ನೋಡಿಕೊಳ್ಳಿ. ಮುಂದೆ ಸ್ಟೀರಿಂಗ್ ರಾಡಿಗೆ ಮಾತ್ರ ಕಟ್ಟಬೇಡಿ.

"ಹ್ಯಾಂಡ್‌ಬ್ರೇಕ್ ಎಳೆದಿದ್ದೀವಲ್ಲ" ಅನ್ನುವವರಿಗೆ ಒಂದು ಮಾತು. ವಿಲ್ಲಿಸ್ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ. ಅದು ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ, ಹಿಂದಿನ ಪ್ರೊಪೆಲರ್ ಶಾಫ್ಟನ್ನು ಹಿಡಿಯುತ್ತೆ. ಶೆಡ್ಡಿನಲ್ಲಿ ಯಾರೋ ಯಾವಾಗಲೋ ಆ ಶಾಫ್ಟ್ ಬಿಚ್ಚಿಟ್ಟಿದ್ದರೆ ಲಿವರ್ ಎಳೆದೂ ಪ್ರಯೋಜನವಿಲ್ಲ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಗೇರಿಗೆ ಹಾಕಿದರೂ ಚಕ್ರ ಉರುಳುತ್ತೆ. ಗಾಡಿ ಹಿಡಿದಿಡೋದು ಬೆಲ್ಟು, ಚಕ್ರಕ್ಕೆ ಕೊಟ್ಟ ಕಟ್ಟಿಗೆ. ಬೇರೇನಲ್ಲ. ಹಾಗೇ ಡ್ರೈವರ್ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇದೆ, ಹಳೇ ಪೆಟ್ರೋಲ್ ಇಳಿಸಿ, ಬ್ಯಾಟರಿ ಕಳಚಿ.

ರಸ್ತೆಯಲ್ಲಿ ಟ್ರೇಲರ್ ತೂಕ ಸೇರಿ ಹಿಂದೆ 2 ಟನ್ ಇರುತ್ತೆ ಅಂದುಕೊಳ್ಳಿ. ಟ್ರ್ಯಾಕ್ಟರ್ ತೂಕವೂ ಹೆಚ್ಚುಕಮ್ಮಿ ಅಷ್ಟೇ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಯಾರು ಯಾರನ್ನು ಎಳೀತಾರೆ? ಎಡ ಬಲದ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಿ. ಗದ್ದೆ ಉಳುವಾಗ ಬಿಚ್ಚಿದ್ದು ಹಾಗೇ ಇರುತ್ತೆ. ಒಂದೇ ಪೆಡಲ್ ಹಿಡಿದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತೆ, ಟ್ರೇಲರ್ ಮೇಲೆ ಬರುತ್ತೆ. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರ್ ಹಾಕಿ, ನಡುವೆ ಕ್ಲಚ್ ಒತ್ತಬೇಡಿ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡುವವರಿಗೆ ಏನು ಹೇಳೋದು! ಆಗುಂಬೆಯ 14 ತಿರುವು, ಚಾರ್ಮಾಡಿಯಂಥ ಘಾಟಿ ದಾಟಬೇಕಿದ್ದರೆ ಈ ಸಾಹಸವೇ ಬೇಡ, ಬಾಡಿಗೆಗೆ ಫ್ಲಾಟ್‌ಬೆಡ್ ರಿಕವರಿ ಗಾಡಿ ಕರೆಸಿ. ಜೀಪಿಗೆ ಕೊಟ್ಟ ದುಡ್ಡಿನ ಮುಂದೆ ಆ ಬಾಡಿಗೆ ದೊಡ್ಡದಲ್ಲ.

ವಿಮೆ ಕಾಗದವನ್ನೂ ಒಮ್ಮೆ ಓದಿ. ಟ್ರ್ಯಾಕ್ಟರ್, ಟ್ರೇಲರ್ ಕೃಷಿ ಕೆಲಸಕ್ಕೆ ಮಾತ್ರ ಅಂತ ಪಾಲಿಸಿಯಲ್ಲಿದ್ದರೆ, ಜೀಪು ಹೊತ್ತಾಗ ಆದ ಅಪಘಾತಕ್ಕೆ ಕ್ಲೇಮು ಕೊಡೋಕೆ ಕಂಪನಿ ತಕರಾರು ತೆಗೆಯಬಹುದು. ಜೀಪಿನ ಆರ್‌ಸಿ, ಸೇನೆಯ ಹರಾಜಿನದ್ದಾದರೆ ಅದರ ಕಾಗದ, ಎಲ್ಲದರ ಫೋಟೋ ಮೊಬೈಲಲ್ಲಿರಲಿ.

ಹಗಲಲ್ಲೇ ಹೊರಡಿ. ಮೂಕಿಯ ಪಿನ್ನಿಗೆ ಕ್ಲಿಪ್ ಇದೆಯಾ ನೋಡಿ, ಜೊತೆಗೊಂದು ಸರಪಳಿ ಹಾಕಿ. ಹೊರಟ ನಾಲ್ಕೈದು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಿ. ಬಿರಿದ ಟೈರಲ್ಲಿ ಗಾಳಿ ಇಳಿದರೂ ಬೆಲ್ಟ್ ಸಡಿಲಾಗುತ್ತೆ. ಮನೆ ಮುಂದೆ ಬಂದಾಗ ಅಕ್ಕಪಕ್ಕದವರು, ಮಕ್ಕಳು ಎಲ್ಲ ಸೇರುತ್ತಾರೆ. ಅವರನ್ನು ದೂರ ನಿಲ್ಲಿಸಿ, ಹಿಂಬದಿಗೆ ಮತ್ತೆ ದಿಮ್ಮಿ ಕೊಟ್ಟು, ಪುಲ್ಲಿ ಬಿಗಿ ಹಿಡಿದ ಮೇಲೆಯೇ ಬೆಲ್ಟ್ ಬಿಚ್ಚಿ.