ನಳಿಗೆಯೊಳಗಿನ ಉಪ್ಪು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಕೋವಿಯು ಶೋಕಿಯ ವಸ್ತುವಲ್ಲ. ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗ ಈ ಮೂರು ತಾಲ್ಲೂಕುಗಳಲ್ಲಿಯೇ ಇರುವುದರಿಂದ ಆಯುಧವೆಂದರೆ ನಮ್ಮವರಿಗೆ ಹಿಂದಿನಿಂದ ಬಂದ ಗೌರವವುಂಟು. ಆದರೆ ಇಂದು ಅದರ ಕೆಲಸ ಹಂದಿ, ಮಂಗಗಳಿಂದ ಗದ್ದೆ ತೋಟಗಳನ್ನು ಕಾಯುವುದಷ್ಟೆ. 1959ರ ಆಯುಧ ಕಾಯ್ದೆಯು ಬೆಳೆ ರಕ್ಷಣೆಗೆಂದು ಹೆಸರಿಸುವುದೂ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೇ. (ಪರವಾನಗಿ ಇದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲುವ ಅಧಿಕಾರ ಬಾರದು, 1972ರ ವನ್ಯಜೀವಿ ಕಾಯ್ದೆಯನ್ನು ಓದುಗರು ಮರೆಯಬಾರದು.)

ಬೆದರಿಸುವ ಈಡಿಗೆ ಗುರಿಯ ಶುದ್ಧಿ ಏತಕ್ಕೆಂದು ಕೆಲವರು ಕೇಳುವರು. ತೋಟದಾಚೆ ಆಳುಗಳಿರುತ್ತಾರೆ, ದನಗಳಿರುತ್ತವೆ. ಚರೆ ಎತ್ತ ಹೋಗುವುದೆಂಬ ಭರವಸೆಯಿಲ್ಲದವನು ಕೋವಿಯನ್ನು ಎತ್ತಲೇಬಾರದು. ಆ ಭರವಸೆಯು ಹಿಡಿದವನ ಕೈಯಲ್ಲಿರುವಷ್ಟೇ ನಳಿಗೆಯ ಒಳಮೈಯಲ್ಲಿಯೂ ಇದೆ.

ಕರಿಮದ್ದು ಎಂದರೆ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದುದು ಇದ್ದಿಲು ಮತ್ತು ಗಂಧಕ. ಅದು ಪೂರ್ತಿ ಉರಿದು ಹೊಗೆಯಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಘನರೂಪದ ಲವಣವಾಗಿ ಪರಿಣಮಿಸುತ್ತದೆ. ಅದರಲ್ಲಿ ಒಂದಿಷ್ಟು ನಳಿಗೆಯ ಗೋಡೆಗೆ ಅಂಟಿಕೊಂಡು ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಬಗೆಯ ಕೇಪು ಸಿಡಿದಾಗಲೂ ಅಡಿಗೆಯುಪ್ಪಿನ ಗುಣವೇ ಉಳ್ಳ ಲವಣವೊಂದು ಉಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಈ ನಾಡಿನಲ್ಲಿ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ತುಕ್ಕು ತಿಂದ ಗುಳಿಗಳಲ್ಲಿ ಮತ್ತೆ ಮಸಿ ಕೂರುತ್ತದೆ. ಚರೆಯ ಹರಹು ಈಡಿನಿಂದ ಈಡಿಗೆ ಬೇರೆಯಾಗುತ್ತದೆ.

ನಮ್ಮ ಮನೆಯಲ್ಲಿ ಈಡಾದ ಮೇಲೆ ಕೊಬ್ಬರಿ ಎಣ್ಣೆಯ ಬಟ್ಟೆಯನ್ನು ಎರಡು ಸಲ ಆಡಿಸಿ ಕೋವಿಯನ್ನು ಗೂಟಕ್ಕೆ ತೂಗುಹಾಕುತ್ತಿದ್ದರು. ಎಣ್ಣೆ ಹಚ್ಚಿದರೂ ತುಕ್ಕೇಕೆ ಎಂದು ಬಾಲ್ಯದಲ್ಲಿ ನನಗೆ ವಿಸ್ಮಯವಾಗುತ್ತಿತ್ತು. ಉಪ್ಪು ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಿ ಕರಗದು. ಎಣ್ಣೆಯು ಉಪ್ಪನ್ನು ಮುಚ್ಚಿತೇ ವಿನಾ ತೆಗೆಯಲಿಲ್ಲ.

ಆದ್ದರಿಂದ ಮೊದಲು ನೀರು, ಅನಂತರ ಎಣ್ಣೆ. ಕೋವಿಯಲ್ಲಿ ಮದ್ದಿಲ್ಲವೆಂದು ಖಚಿತಪಡಿಸಿಕೊಂಡು, ಅದೇ ದಿನ ಕುದಿನೀರನ್ನು ನಳಿಗೆಗೆ ಹೊಯ್ದು, ಗಜಕ್ಕೆ ಬಟ್ಟೆ ಸುತ್ತಿ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಕೇಪು ಕೂರಿಸುವ ತೂತನ್ನೂ ಬಿಡಬಾರದು. ನೀರು ಬಿಸಿಯಾಗಿದ್ದಷ್ಟೂ ಲೋಹ ಬೇಗ ಒಣಗುವುದು. ಒಣಬಟ್ಟೆ ಆಡಿಸಿ, ಕಡೆಗೆ ತೆಳುವಾಗಿ ಯಂತ್ರದ ಎಣ್ಣೆ ಸವರಬೇಕು. ಮತ್ತೆ ಹೊಡೆಯುವ ಮುನ್ನ ಆ ಎಣ್ಣೆಯನ್ನು ಒರೆಸಲೇಬೇಕು. ಇಲ್ಲವಾದರೆ ಮದ್ದು ನೆನೆದು ಕೇಪು ಮಾತ್ರ ಸಿಡಿದೀತು.

ಆಯುಧಪೂಜೆಯಂದು ಕೋವಿಗೆ ವಿಭೂತಿ, ಗಂಧ, ಹೂವು ಏರಿಸುವುದು ನಮ್ಮಲ್ಲಿ ನಡೆದುಬಂದಿದೆ. ಏರಿಸಲಿ. ಆದರೆ ಹಸಿಗಂಧ ಒಣಗಿ ತಾನೇ ಉದುರಲೆಂದು ಬಿಟ್ಟ ಕಡೆಯಲ್ಲೆಲ್ಲ ಕಂದು ಮಚ್ಚೆ ಮೂಡಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಇನ್ನೊಂದು ಸಂಕಟವು ಚುನಾವಣೆಯದು. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ. 2024ರಲ್ಲಿ ಲೋಕಸಭಾ ಚುನಾವಣೆಯ ಘೋಷಣೆಯಾದುದು ಮಾರ್ಚ್ 16ರಂದು, ಎಣಿಕೆ ಜೂನ್ 4ರಂದು. ಮರಳಿ ಪಡೆಯುವ ಹೊತ್ತಿಗೆ ಮುಂಗಾರು. ಒಪ್ಪಿಸುವ ಮುನ್ನವೇ ತೊಳೆದು, ಎಂದಿಗಿಂತ ತುಸು ದಪ್ಪವಾಗಿ ಎಣ್ಣೆ ಹಚ್ಚಿ ಕೊಡುವವನು ಜಾಣ. ಮರಳಿ ಬಂದ ಕೋವಿಯ ನಳಿಗೆಯಲ್ಲಿ ಕಣಜವು ಮಣ್ಣಿನ ಗೂಡು ಕಟ್ಟಿದ್ದರೂ ಆಶ್ಚರ್ಯವಿಲ್ಲ. ಅದನ್ನು ನೋಡದೆ ಹೊಡೆದರೆ ನಳಿಗೆ ಸೀಳಬಹುದು.

ಹೊಸ ನಳಿಗೆಯನ್ನು ಪಳಗಿಸಬೇಕೆಂಬ ಮಾತು ಈಚೆಗೆ ತರುಣರಲ್ಲಿ ಕೇಳಿಬರುತ್ತಿದೆ. ಇದು ಒಳಗೆ ಸುರುಳಿಗೆರೆಗಳುಳ್ಳ ರೈಫಲ್ಲಿನ ವಿಚಾರ. ಮೊದಲ ಕೆಲವು ಗುಂಡುಗಳಿಗೆ ಒಂದೊಂದರ ತರುವಾಯವೂ ಶುಚಿ ಮಾಡಿದರೆ ಕೊರೆದ ಒರಟು ಸವೆದು, ಗುಂಡಿನ ತಾಮ್ರ ಅಂಟುವುದು ಕಡಿಮೆಯಾಗುವುದೆಂದು ಕೆಲವು ತಯಾರಕರ ಮತ. ಅದು ಬರಿದೆ ಮದ್ದು ದಂಡವೆಂದು ಬೇರೆಯವರ ಮತ. ನಮ್ಮ ನುಣುಪು ನಳಿಗೆಯ ಕೋವಿಗೆ ಈ ಚರ್ಚೆಯೇ ಅನಗತ್ಯ. ಆದರೆ ರೈಫಲ್ಲಿನವರ ಒಂದು ಎಚ್ಚರಿಕೆ ಗ್ರಾಹ್ಯವಾದುದು: ಉಕ್ಕಿನ ಸರಳನ್ನು ಓರೆಯಾಗಿ ತಿಕ್ಕಿ ನಳಿಗೆಯ ಬಾಯಂಚನ್ನು ಸವೆಸಿದರೆ, ಎಷ್ಟು ತೊಳೆದರೂ ಗುರಿ ಮರಳಿ ಬಾರದು.

ಕೇಪಿನ ಕೋವಿಯುಳ್ಳವರು ಬರಿದಾದ ನಳಿಗೆಗೆ ಗಜವನ್ನಿಳಿಸಿ, ಅದು ಬಾಯಿಗೆ ಸಮನಾಗುವಲ್ಲಿ ಒಂದು ಗೀರು ಹಾಕಿಟ್ಟುಕೊಳ್ಳಲಿ. ಮದ್ದು ತುಂಬುವ ಮುನ್ನ ಗಜವನ್ನಿಳಿಸಿದಾಗ ಗೀರು ಬಾಯಿಗಿಂತ ಮೇಲೆ ನಿಂತರೆ, ಒಳಗೆ ಹಳೆಯ ಈಡೋ ಮರೆತ ಬಟ್ಟೆಯೋ ಇದೆಯೆಂದೇ ಅರ್ಥ.