ಜಲಜನಕದ ಕಾರಿನ ನಂತರ ಯಾವ ಕಾರು?

ಮಕ್ಕಳೇ, 2022ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ದೆಹಲಿಯಲ್ಲಿ ಒಂದು ಹೊಸ ಬಗೆಯ ಕಾರಿನಲ್ಲಿ ಸಂಸತ್ ಭವನಕ್ಕೆ ಬಂದಿಳಿದರು. ಅದು ಜಲಜನಕದ ಕಾರು. ಜಪಾನಿನ ಟೊಯೋಟಾ ಕಂಪನಿ ತಯಾರಿಸಿದ ಅದರ ಹೆಸರು ‘ಮಿರಾಯ್’. ಜಪಾನೀ ಭಾಷೆಯಲ್ಲಿ ಮಿರಾಯ್ ಎಂದರೆ ಭವಿಷ್ಯ. ಆ ಸುದ್ದಿ ಬಂದಾಗಿನಿಂದ ಶಾಲೆಗಳಿಗೆ ಹೋದಾಗ ನನಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. “ಸರ್, ನೀರು ಹಾಕಿದರೆ ಓಡುವ ಕಾರು ಬಂದಿದೆಯಂತೆ, ಹೌದಾ?”

ಇಲ್ಲ. ನೀರು ಹಾಕಿದರೆ ಯಾವ ಕಾರೂ ಓಡದು. ಈ ಕಾರಿನ ಕೊಳವೆಯಿಂದ ಹೊಗೆಯ ಬದಲು ನೀರು ಹೊರಗೆ ಬರುತ್ತದೆ, ಅಷ್ಟೆ. ಒಲೆಯಲ್ಲಿ ಸೌದೆ ಉರಿದ ಮೇಲೆ ಬೂದಿ ಉಳಿಯುತ್ತದಲ್ಲವೇ? ಆ ಬೂದಿಯನ್ನೇ ಮತ್ತೆ ಒಲೆಗೆ ಹಾಕಿ ಅನ್ನ ಬೇಯಿಸಲು ಆದೀತೇ? ನೀರೂ ಹಾಗೆಯೇ. ಅದು ಉರಿದು ಮುಗಿದ ಜಲಜನಕದ ಬೂದಿ ಇದ್ದಂತೆ. ಕಾರಿಗೆ ಬೇಕಾದದ್ದು ಇನ್ನೂ ಉರಿಯದ ಜಲಜನಕ.

ಈ ಅನಿಲ ಒಂದು ಬೇರೆಯೇ ವಸ್ತು ಎಂದು 1766ರಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್. ಅದಕ್ಕೆ ಹೆಸರು ಕೊಟ್ಟವನು ಫ್ರಾನ್ಸಿನ ಲಾವಾಸಿಯೆ. ಗ್ರೀಕ್ ಭಾಷೆಯಿಂದ ಬಂದ ‘ಹೈಡ್ರೋಜನ್’ ಎಂಬ ಆ ಹೆಸರಿನ ಅರ್ಥ ‘ನೀರನ್ನು ಹುಟ್ಟಿಸುವುದು’. ನಮ್ಮ ಜಲಜನಕ ಎಂಬ ಪದದ ಅರ್ಥವೂ ಅದೇ!

ಕಾರಿನೊಳಗೆ ಏನು ನಡೆಯುತ್ತದೆ?

ಕಾರಿನಲ್ಲಿ ‘ಇಂಧನ ಕೋಶ’ ಎಂಬ ಸಾಧನವಿದೆ. 1839ರ ಹೊತ್ತಿಗೇ ವಿಲಿಯಂ ಗ್ರೋವ್ ಎಂಬ ವಿಜ್ಞಾನಿ ಇದರ ಮೂಲ ರೂಪವನ್ನು ಮಾಡಿ ತೋರಿಸಿದ್ದ. ಇದರ ಒಂದು ಬದಿಗೆ ಜಲಜನಕ, ಇನ್ನೊಂದು ಬದಿಗೆ ಗಾಳಿಯಲ್ಲಿರುವ ಆಮ್ಲಜನಕ ಹರಿಯುತ್ತದೆ. ನಡುವೆ ಒಂದು ತೆಳುವಾದ ಪೊರೆ. ಜಲಜನಕದ ಎಲೆಕ್ಟ್ರಾನುಗಳಿಗೆ ಆ ಪೊರೆಯನ್ನು ದಾಟಲು ಆಗುವುದಿಲ್ಲ. ಅವು ತಂತಿಯ ಮೂಲಕ ಸುತ್ತಿಕೊಂಡು ಹೋಗಬೇಕು. ಹಾಗೆ ಹೋಗುವ ಎಲೆಕ್ಟ್ರಾನುಗಳ ಹರಿವೇ ವಿದ್ಯುತ್. ಅದೇ ಮೋಟಾರನ್ನು ತಿರುಗಿಸುತ್ತದೆ. ಕೊನೆಗೆ 1 ಕೆ.ಜಿ. ಜಲಜನಕವು 8 ಕೆ.ಜಿ. ಆಮ್ಲಜನಕದೊಡನೆ ಸೇರಿ 9 ಕೆ.ಜಿ. ನೀರಾಗುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಸದ್ದೂ ಇಲ್ಲವೆನ್ನುವಷ್ಟು ಕಡಿಮೆ.

ಅಂದರೆ ಇದೂ ಒಂದು ವಿದ್ಯುತ್ ಕಾರೇ. ಬ್ಯಾಟರಿಯ ಕಾರು ವಿದ್ಯುತ್ತನ್ನು ಹೊರಗಿನಿಂದ ತುಂಬಿಸಿಕೊಂಡು ಹೋಗುತ್ತದೆ. ಇದು ದಾರಿಯಲ್ಲೇ ವಿದ್ಯುತ್ ತಯಾರಿಸಿಕೊಳ್ಳುತ್ತದೆ.

ಇನ್ನು ಇಂಧನ ತುಂಬುವ ವಿಷಯ. ಜಲಜನಕ ಬಹಳ ಹಗುರ. ಸಾಮಾನ್ಯ ಒತ್ತಡದಲ್ಲಿ 1 ಕೆ.ಜಿ. ಜಲಜನಕವನ್ನು ಇಡಲು ಸುಮಾರು 12 ಸಾವಿರ ಲೀಟರ್ ಜಾಗ ಬೇಕು. ಬೇಸಿಗೆಯಲ್ಲಿ ಊರಿಗೆ ಬರುವ ದೊಡ್ಡ ನೀರಿನ ಟ್ಯಾಂಕರನ್ನು ನೆನಪಿಸಿಕೊಳ್ಳಿ, ಅಷ್ಟು! ಆದ್ದರಿಂದ ಅದನ್ನು ವಾಯುಮಂಡಲದ ಒತ್ತಡದ 700 ಪಟ್ಟು ಒತ್ತಡದಲ್ಲಿ ಗಟ್ಟಿ ಟ್ಯಾಂಕಿಗೆ ತುರುಕುತ್ತಾರೆ. ಕಾರಿನ ಟೈರಿನಲ್ಲಿ ತುಂಬಿಸುವ ಗಾಳಿಯ ಒತ್ತಡಕ್ಕಿಂತ ಇದು ಸುಮಾರು 300 ಪಟ್ಟು ಹೆಚ್ಚು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಲ್ಲವೇ? ಇಲ್ಲಿಯೂ ಟ್ಯಾಂಕ್ ಹಾಗೆಯೇ ಬಿಸಿಯಾಗುತ್ತದೆ. ಅದಕ್ಕೇ ಬಂಕಿನಲ್ಲಿ ಜಲಜನಕವನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗೆ ತಣ್ಣಗೆ ಮಾಡಿ ಬಿಡುತ್ತಾರೆ. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ನಳಿಕೆಯ ಮೇಲೆ ಮಂಜು ಕಟ್ಟಿ, ಅದು ಕಾರಿಗೇ ಅಂಟಿಕೊಂಡು ಬಿಡುವುದುಂಟು. ಮಂಜು ಕರಗುವವರೆಗೆ ಕಾಯಬೇಕು! ಉಳಿದಂತೆ ತುಂಬಿಸಲು ಬೇಕಾಗುವುದು ಐದೇ ನಿಮಿಷ. 2020ರ ಕೊನೆಯಲ್ಲಿ ಬಂದ ಎರಡನೆಯ ಮಿರಾಯ್ ಟ್ಯಾಂಕಿಗೆ 5.6 ಕೆ.ಜಿ. ಜಲಜನಕ ಹಿಡಿಯುತ್ತದೆ, ಅಷ್ಟರಲ್ಲಿ ಅದು ಸುಮಾರು 640 ಕಿ.ಮೀ. ಓಡುತ್ತದೆ.

ಇಷ್ಟು ಒಳ್ಳೆಯ ಕಾರನ್ನು ಕೊಂಡವರು ಅದನ್ನು ಬಿಟ್ಟು ಬೇರೆ ಕಾರು ಹುಡುಕುವ ಪ್ರಸಂಗ ಏಕೆ ಬಂತು?

ಬಂಕು ಮುಚ್ಚಿದರೆ?

ನಮ್ಮ ದೇಶದಲ್ಲಿ ಮಿರಾಯ್ ಪರೀಕ್ಷೆಗೆಂದು ಬಂದ ಕಾರು. ಸಾಮಾನ್ಯ ಜನರು ಜಲಜನಕದ ಕಾರನ್ನು ಕೊಂಡು, ವರ್ಷಗಟ್ಟಲೆ ಓಡಿಸಿ ನೋಡಿದ ಒಂದು ಮುಖ್ಯ ಸ್ಥಳವೆಂದರೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ. ಅಲ್ಲಿ ಮಿರಾಯ್ ಮಾರಾಟ 2015ರಲ್ಲಿ ಆರಂಭವಾಯಿತು. ಹೋಂಡಾ ಮತ್ತು ಹ್ಯುಂಡೈ ಕಂಪನಿಗಳ ಜಲಜನಕದ ಕಾರುಗಳೂ ಬಂದವು. ಕಾರು ಕೊಂಡವರಿಗೆ ಟೊಯೋಟಾ ಕಂಪನಿ 15 ಸಾವಿರ ಡಾಲರ್ ಬೆಲೆಯ ಇಂಧನವನ್ನು ಉಚಿತವಾಗಿ ಕೊಡುವ ಕಾರ್ಡನ್ನೂ ನೀಡಿತು. ಇದು ಯಾರಿಗೆ ಬೇಡ?

ತೊಂದರೆ ಶುರುವಾದದ್ದು ಕಾರಿನಿಂದಲ್ಲ, ಬಂಕಿನಿಂದ. ಇಡೀ ರಾಜ್ಯದಲ್ಲಿ ಪೆಟ್ರೋಲ್ ಬಂಕುಗಳು ಸಾವಿರಾರು. ಜಲಜನಕದ ಬಂಕುಗಳು ಮಾತ್ರ ಐವತ್ತು-ಅರವತ್ತರ ಆಸುಪಾಸಿನಲ್ಲೇ ಉಳಿದವು. ಅವುಗಳಲ್ಲೂ ಕೆಲವು ಯಂತ್ರ ಕೆಟ್ಟು ನಿಂತಿರುತ್ತಿದ್ದವು, ಕೆಲವು ಕಡೆ ಅನಿಲ ಖಾಲಿ. 2019ರ ಜೂನ್‌ನಲ್ಲಿ ಸಾಂಟಾ ಕ್ಲಾರಾ ಎಂಬಲ್ಲಿ ಜಲಜನಕ ತುಂಬಿಸಿ ಕಳಿಸುವ ಘಟಕವೊಂದರಲ್ಲಿ ಸ್ಫೋಟವಾಯಿತು. ಅದೊಂದು ಘಟಕ ನಿಂತದ್ದಕ್ಕೆ ಸುತ್ತಲಿನ ಅನೇಕ ಬಂಕುಗಳು ತಿಂಗಳುಗಟ್ಟಲೆ ಸೊರಗಿದವು. 2024ರ ಫೆಬ್ರವರಿಯಲ್ಲಿ ಶೆಲ್ ಕಂಪನಿ ಅಲ್ಲಿ ಕಾರುಗಳಿಗಾಗಿ ನಡೆಸುತ್ತಿದ್ದ ತನ್ನ ಜಲಜನಕ ಬಂಕುಗಳನ್ನು ಮುಚ್ಚಿಯೇ ಬಿಟ್ಟಿತು.

ಬೆಲೆಯೂ ಏರಿತು. 2021ರ ಸುಮಾರಿಗೆ 1 ಕೆ.ಜಿ.ಗೆ 13ರಿಂದ 16 ಡಾಲರ್ ಇದ್ದದ್ದು 2024ರ ವೇಳೆಗೆ ಹಲವು ಬಂಕುಗಳಲ್ಲಿ 36 ಡಾಲರ್ ಆಯಿತು. ಈಗ ಆ ಉಚಿತ ಕಾರ್ಡಿನ ಲೆಕ್ಕ ಮಾಡಿ. 1 ಕೆ.ಜಿ.ಗೆ 110 ಕಿ.ಮೀ. ಓಟ ಎಂದಿಟ್ಟುಕೊಳ್ಳೋಣ. ಬೆಲೆ 16 ಡಾಲರ್ ಇದ್ದಾಗ 15 ಸಾವಿರ ಡಾಲರಿಗೆ ಕಾರು ಒಂದು ಲಕ್ಷ ಕಿ.ಮೀ. ದಾಟಿ ಓಡುತ್ತಿತ್ತು. 36 ಡಾಲರ್ ಆದಾಗ 46 ಸಾವಿರ ಕಿ.ಮೀ. ಕೂಡ ಆಗದು. ಕಾರ್ಡಿನ ಮೇಲೆ ಬರೆದ ಮೊತ್ತ ಬದಲಾಗಲಿಲ್ಲ, ಆದರೆ ದಾರಿ ಅರ್ಧಕ್ಕಿಂತ ಕಿರಿದಾಯಿತು.

ಮೂರು ವರ್ಷಕ್ಕೆಂದು ಲೀಸಿಗೆ ಪಡೆದವರು ಅವಧಿ ಮುಗಿದಾಗ ಕಾರನ್ನು ಹಿಂದಿರುಗಿಸಿ ಕೈ ತೊಳೆದುಕೊಂಡರು. ಪೂರ್ತಿ ಹಣ ಕೊಟ್ಟು ಕೊಂಡವರ ಪಾಡು ಬೇರೆ. ಹೊಸದರಲ್ಲಿ ಸುಮಾರು 50 ಸಾವಿರ ಡಾಲರ್ ಬೆಲೆಯ ಕಾರುಗಳು ಕೆಲವೇ ವರ್ಷಗಳಲ್ಲಿ 10 ಸಾವಿರ ಡಾಲರಿಗಿಂತ ಕಡಿಮೆಗೆ ಬಿಕರಿಯಾದದ್ದುಂಟು. ಕಾರೇನೋ ಚೆನ್ನಾಗಿಯೇ ಓಡುತ್ತಿತ್ತು. ಮೇವಿಲ್ಲದ ಊರಲ್ಲಿ ಜಾತಿ ಎತ್ತು ಕಟ್ಟಿದರೆ ಕೊಳ್ಳುವವರು ಯಾರು?

ಅದೇ ವಿದ್ಯುತ್, ಎರಡು ದಾರಿ

ಈಗ ಅಂಥ ಒಂದು ಮನೆಯವರು ಮುಂದಿನ ಕಾರನ್ನು ಆರಿಸಬೇಕು. ಅವರ ಜೊತೆ ನಾವೂ ಕುಳಿತು ಯೋಚಿಸೋಣ. ನೋಟ್ ಪುಸ್ತಕ ತೆಗೆದುಕೊಳ್ಳಿ.

ನೀರನ್ನು ವಿದ್ಯುತ್ತಿನಿಂದ ಒಡೆದು 1 ಕೆ.ಜಿ. ಜಲಜನಕ ಪಡೆಯಲು ಸುಮಾರು 55 ಯೂನಿಟ್ ವಿದ್ಯುತ್ ಬೇಕು. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಆ ಅನಿಲವನ್ನು ಒತ್ತಿ ತಣ್ಣಗೆ ಮಾಡಲು ಇನ್ನಷ್ಟು ಯೂನಿಟ್. ಒಟ್ಟು 60 ಎನ್ನೋಣ. ಇದರಿಂದ ಕಾರು ಓಡುವುದು 110 ಕಿ.ಮೀ. ಅದೇ 60 ಯೂನಿಟ್ಟನ್ನು ನೇರವಾಗಿ ಬ್ಯಾಟರಿಯ ಕಾರಿಗೆ ಕೊಟ್ಟರೆ? ಒಳ್ಳೆಯ ಬ್ಯಾಟರಿ ಕಾರು ಯೂನಿಟ್ಟಿಗೆ 6 ಕಿ.ಮೀ. ಓಡುತ್ತದೆ. ಕೈ ಬಿಗಿ ಹಿಡಿದು 5 ಎಂದೇ ಲೆಕ್ಕ ಹಾಕಿದರೂ 300 ಕಿ.ಮೀ. ಆಯಿತು!

ಉಳಿದ ಶಕ್ತಿ ಎಲ್ಲಿ ಹೋಯಿತು? ಅದು ಕಳೆದುಹೋಗಲಿಲ್ಲ, ಶಾಖವಾಯಿತು. ನೀರನ್ನು ಒಡೆಯುವಾಗ ಒಂದಿಷ್ಟು, ಅನಿಲವನ್ನು ಒತ್ತುವಾಗ ಒಂದಿಷ್ಟು, ಇಂಧನ ಕೋಶದಲ್ಲಿ ಮತ್ತೆ ವಿದ್ಯುತ್ತಾಗುವಾಗ ಎಲ್ಲಕ್ಕಿಂತ ಹೆಚ್ಚು. ಬಾವಿಯಿಂದ ಒಂದು ಕೊಡ ನೀರನ್ನು ನೇರವಾಗಿ ಮನೆಗೆ ತರುವುದಕ್ಕೂ, ದಾರಿಯಲ್ಲಿ ಮೂರು ಬಾರಿ ಬೇರೆ ಬೇರೆ ಪಾತ್ರೆಗೆ ಸುರಿದು ತರುವುದಕ್ಕೂ ಇರುವ ವ್ಯತ್ಯಾಸವಿದು. ಪ್ರತಿ ಬಾರಿ ಸುರಿದಾಗಲೂ ಸ್ವಲ್ಪ ಚೆಲ್ಲುತ್ತದೆ.

ಇನ್ನೊಂದು ಮಾತು. ಜಗತ್ತಿನಲ್ಲಿ ತಯಾರಾಗುವ ಜಲಜನಕದ ಬಹುಪಾಲು ನೀರಿನಿಂದ ಬಂದದ್ದೇ ಅಲ್ಲ. ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದ ತೆಗೆದದ್ದು. ನೈಸರ್ಗಿಕ ಅನಿಲದಿಂದ 1 ಕೆ.ಜಿ. ಜಲಜನಕ ತೆಗೆದರೆ 9-10 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಾರಿನ ಕೊಳವೆಯಲ್ಲಿ ಕಾಣದ ಹೊಗೆ ಕಾರ್ಖಾನೆಯ ಚಿಮಣಿಯಲ್ಲಿ ಇರುತ್ತದೆ.

ಹಾಗಾದರೆ ಬ್ಯಾಟರಿ ಕಾರನ್ನೇ ಕೊಳ್ಳಬೇಕೆ?

ಅವರ ಮನೆ ಹೇಗಿದೆ ಎಂದು ಮೊದಲು ಕೇಳಬೇಕು. ಸ್ವಂತ ಮನೆ, ಕಾರು ನಿಲ್ಲಿಸಲು ಜಾಗ, ಅಲ್ಲಿ ಒಂದು ಪ್ಲಗ್ ಇದ್ದರೆ ನನ್ನ ಮಟ್ಟಿಗೆ ಉತ್ತರ ಸುಲಭ: ಬ್ಯಾಟರಿ ಕಾರು. ಅಮೆರಿಕದ ಮನೆಗಳಲ್ಲಿ ಸಾಮಾನ್ಯ ಪ್ಲಗ್ಗಿನ ವೋಲ್ಟೇಜ್ 120, ನಮ್ಮದರ ಸುಮಾರು ಅರ್ಧ. ಅದರಿಂದ ಗಂಟೆಗೆ 7 ಕಿ.ಮೀ. ಓಡುವಷ್ಟು ಮಾತ್ರ ಚಾರ್ಜ್ ಆಗುತ್ತದೆ. ಕಡಿಮೆ ಅನಿಸಿತೇ? ರಾತ್ರಿ 10 ಗಂಟೆ ಹಾಕಿಟ್ಟರೆ 70 ಕಿ.ಮೀ. ಆಯಿತು. ದಿನಾ ಕೆಲಸಕ್ಕೆ ಹೋಗಿ ಬರಲು ಬಹಳ ಜನರಿಗೆ ಅಷ್ಟು ಸಾಕು. 240 ವೋಲ್ಟಿನ ಸಂಪರ್ಕ ಹಾಕಿಸಿಕೊಂಡರೆ ಒಂದು ರಾತ್ರಿಯಲ್ಲಿ ಬ್ಯಾಟರಿ ಪೂರ್ತಿ ತುಂಬುತ್ತದೆ. ಜಲಜನಕದ ಕಾರಿನವರಿಗೆ ಮೊದಲು ಖುಷಿ ಕೊಡುವುದು ಇದೇ ಇರಬೇಕು, ಇಂಧನ ಹುಡುಕಿಕೊಂಡು ಊರೂರು ಅಲೆಯಬೇಕಾಗಿಲ್ಲ.

ಆದರೆ ಹತ್ತಾರು ಮನೆಗಳಿರುವ ಕಟ್ಟಡದಲ್ಲಿ, ಬಾಡಿಗೆಗೆ, ಪ್ಲಗ್ ಇಲ್ಲದ ಕಡೆ ಕಾರು ನಿಲ್ಲಿಸುವವರು? ಖರ್ಚನ್ನು ನೋಡೋಣ. 110 ಕಿ.ಮೀ. ಓಡಲು ಜಲಜನಕಕ್ಕೆ 36 ಡಾಲರ್. ಬ್ಯಾಟರಿ ಕಾರಿಗೆ 22 ಯೂನಿಟ್ ಬೇಕು. ಮನೆಯಲ್ಲಿ ರಾತ್ರಿಯ ದರ ಯೂನಿಟ್ಟಿಗೆ 30-35 ಸೆಂಟ್ ಎಂದರೆ ಸುಮಾರು 7 ಡಾಲರ್. ರಸ್ತೆ ಬದಿಯ ವೇಗದ ಚಾರ್ಜರಿನಲ್ಲಿ 50-60 ಸೆಂಟ್ ಕೊಡಬೇಕಾಗಿ ಬಂದರೆ 11ರಿಂದ 13 ಡಾಲರ್. ಇನ್ನು ಪೆಟ್ರೋಲ್ ಎಂಜಿನ್ ಜೊತೆಗೆ ಚಿಕ್ಕ ಬ್ಯಾಟರಿಯೂ ಇರುವ ‘ಹೈಬ್ರಿಡ್’ ಕಾರು ಲೀಟರಿಗೆ 20 ಕಿ.ಮೀ. ಕೊಟ್ಟರೆ 5.5 ಲೀಟರ್ ಪೆಟ್ರೋಲ್ ಸಾಕು. ಲೀಟರಿಗೆ ಒಂದೂಕಾಲು ಡಾಲರ್ ಹಿಡಿದರೆ ಅದೂ ಸುಮಾರು 7 ಡಾಲರ್!

ಇವೆಲ್ಲ 2024ರ ಸುಮಾರಿನ ದರಗಳು. ನೋಡಿದಿರಾ, ಮನೆಯ ಕರೆಂಟಿಗೂ ಹೈಬ್ರಿಡ್ ಕಾರಿಗೂ ಖರ್ಚಿನಲ್ಲಿ ಹೆಚ್ಚು ಕಡಿಮೆ ಇಲ್ಲ. ವ್ಯತ್ಯಾಸ ಹೊಗೆಯಲ್ಲಿದೆ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. 5.5 ಲೀಟರಿಗೆ ಎಷ್ಟಾಯಿತು, ನೀವೇ ಗುಣಿಸಿ. ಹೊಗೆ ಬೇಡವೆಂದೇ ಜಲಜನಕದ ಕಾರು ಕೊಂಡವರಿಗೆ ಇದು ಮನಸ್ಸಿಗೆ ಒಪ್ಪುವ ಮಾತಲ್ಲ. ಆದರೂ ಪ್ಲಗ್ ಇಲ್ಲದ ಮನೆಯವರು ಹೈಬ್ರಿಡ್ ಕೊಂಡರೆ ನಾನು ತಪ್ಪು ಎನ್ನಲಾರೆ. ಮುಂದೊಂದು ದಿನ ಪ್ಲಗ್ ಬಂದೀತು ಎಂಬ ಭರವಸೆಯಿದ್ದರೆ, ಗೋಡೆಯ ಪ್ಲಗ್ಗಿನಿಂದಲೂ ಚಾರ್ಜ್ ಆಗುವ ಹೈಬ್ರಿಡ್ ಒಳ್ಳೆಯದು.

ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಮಿರಾಯನ್ನೇ ಮತ್ತೆ ಕೊಳ್ಳುವ ಆಸೆಯೂ ಬರಬಹುದು. ಅವರು ಎರಡು ವಿಷಯ ನೋಡಬೇಕು. ಮನೆಯ ಹತ್ತಿರ, ಒಂದು ಕೆಟ್ಟರೆ ಇನ್ನೊಂದು ಎಂಬಂತೆ, ಕನಿಷ್ಠ ಎರಡು ಬಂಕುಗಳು ನಡೆಯುತ್ತಿವೆಯೇ? ಟ್ಯಾಂಕಿನ ಆಯುಸ್ಸು ಎಷ್ಟು ಉಳಿದಿದೆ? ಔಷಧಿ ಬಾಟಲಿಯ ಮೇಲಿರುವಂತೆ ಆ ಟ್ಯಾಂಕಿಗೂ ಕೊನೆಯ ದಿನಾಂಕವಿದೆ, ತಯಾರಾಗಿ 15 ವರ್ಷ. ಹೋಂಡಾ ಕಂಪನಿ 2024ರಲ್ಲಿ ತಂದ ಜಲಜನಕದ ಕಾರಿನಲ್ಲಿ ಮಾತ್ರ ಒಂದು ಜಾಣತನವಿತ್ತು. ಅದನ್ನು ಪ್ಲಗ್ಗಿಗೆ ಹಾಕಿ, ಬ್ಯಾಟರಿಯಿಂದಲೇ 46 ಕಿ.ಮೀ.ವರೆಗೆ ಓಡಿಸಬಹುದು. ಬಂಕು ಮುಚ್ಚಿದ್ದರೂ ಮನೆಗಾದರೂ ಬರಬಹುದಲ್ಲ!

ಜಲಜನಕವೇ ಕೆಲಸಕ್ಕೆ ಬಾರದು ಎಂದು ತಿಳಿಯಬೇಡಿ. ನಮ್ಮ ಇಸ್ರೋದ ಕ್ರಯೋಜನಿಕ್ ಎಂಜಿನ್ನಿಗೆ ದ್ರವ ಜಲಜನಕವೇ ಇಂಧನ. ಗೊಬ್ಬರದ ಕಾರ್ಖಾನೆಗಳಲ್ಲಿ ಅಮೋನಿಯ ತಯಾರಿಸಲು ಅದು ಬೇಕೇ ಬೇಕು. ಅಲ್ಲೆಲ್ಲ ಅದರ ಬದಲು ಬ್ಯಾಟರಿ ಇಟ್ಟರೆ ಕೆಲಸ ನಡೆಯದು.

ಮಾಡಿ ನೋಡಿ

ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಅರ್ಧ ಚಮಚ ಅಡುಗೆ ಸೋಡಾ ಕರಗಿಸಿ. ಉಪ್ಪು ಬೇಡ, ಅದರಿಂದ ಕ್ಲೋರಿನ್ ಬರುತ್ತದೆ. ಎರಡು ಪೆನ್ಸಿಲ್‌ಗಳ ಎರಡೂ ತುದಿಗಳನ್ನು ಚೂಪಾಗಿ ಕೆತ್ತಿ, ರಟ್ಟಿನ ಚೂರಿನಲ್ಲಿ ಚುಚ್ಚಿ, ಕೆಳತುದಿಗಳು ನೀರಿನಲ್ಲಿ ಮುಳುಗುವಂತೆ ಲೋಟದ ಮೇಲಿಡಿ. ಪೆನ್ಸಿಲ್‌ಗಳು ಒಂದಕ್ಕೊಂದು ತಾಗಬಾರದು. ಮೇಲಿನ ತುದಿಗಳಿಗೆ ತಂತಿ ಸುತ್ತಿ 9 ವೋಲ್ಟಿನ ಬ್ಯಾಟರಿಗೆ ಜೋಡಿಸಿ. ಮನೆಯ ಕರೆಂಟನ್ನು ಇದಕ್ಕೆ ಎಂದೂ ಬಳಸಬೇಡಿ. ಹತ್ತಿರ ಬೆಂಕಿಕಡ್ಡಿ ಗೀರಬೇಡಿ. ಶಿಕ್ಷಕರು ಜೊತೆಯಲ್ಲಿರಲಿ.

ಎರಡೂ ಪೆನ್ಸಿಲ್‌ಗಳ ಬಳಿ ಗುಳ್ಳೆಗಳು ಏಳುತ್ತವೆ. ಋಣ ತುದಿಗೆ ಜೋಡಿಸಿದ ಪೆನ್ಸಿಲ್ಲಿನ ಬಳಿ ಗುಳ್ಳೆ ಹೆಚ್ಚು, ಅದೇ ಜಲಜನಕ. ಹತ್ತು ನಿಮಿಷ ಬಿಟ್ಟು ನೋಡಿ, ಬ್ಯಾಟರಿ ಬೆಚ್ಚಗಾಗಿದೆಯೇ ಎಂದು ಮುಟ್ಟಿ ನೋಡಿ ಬರೆದುಕೊಳ್ಳಿ.