ಗುಟುಕು ಮೇಲೇರುವ ಬಗೆ

ಬೆಳಗಾವಿ ಜಿಲ್ಲೆಯ ಕಟಕೋಳದ ಕಡೆ ಹೊಲದಿಂದ ಮರಳುವ ಎತ್ತುಗಳನ್ನು ನೋಡಿರಿ. ಕಲ್ಲುದೋಣಿಯ ಬಳಿ ಬಂದೊಡನೆ ಅವು ಕೊರಳು ಬಾಗಿಸಿ ನೀರಿಗೆ ಬಾಯಿಡುತ್ತವೆ. ಆಗ ಬಾಯಿಯು ಹೊಟ್ಟೆಗಿಂತ ಕೆಳಗಿರುತ್ತದೆ. ನೀರಿನ ಸ್ವಭಾವವು ತಗ್ಗಿಗೆ ಹರಿಯುವುದು. ಆದರೂ ಪ್ರತಿಯೊಂದು ಗುಟುಕೂ ಕೊರಳಿನ ಏರನ್ನು ಹತ್ತಿ ಹೊಟ್ಟೆಯನ್ನು ಸೇರುತ್ತದೆ. ಇದು ಹೇಗೆ ಸಾಧ್ಯ?

ಈ ಕಾರ್ಯದಲ್ಲಿ ಎರಡು ಹಂತಗಳುಂಟು. ಮೊದಲನೆಯದು ಹೀರುವುದು. ಎತ್ತು ತುಟಿಗಳನ್ನು ನೀರಿನಲ್ಲಿ ಅದ್ದಿ ನಾಲಗೆಯನ್ನು ಹಿಂದಕ್ಕೆ ಸೆಳೆದಾಗ ಬಾಯೊಳಗಿನ ಒತ್ತಡ ಕುಗ್ಗುತ್ತದೆ. ಹೊರಗಿನ ವಾಯುವಿನ ಒತ್ತಡವು ನೀರನ್ನು ಒಳಕ್ಕೆ ನೂಕುತ್ತದೆ. ಕೋಳಿಗೆ ಹೀಗೆ ಹೀರಲು ಬಾರದು. ಅದು ಕೊಕ್ಕಿನಲ್ಲಿ ನೀರು ತುಂಬಿಕೊಂಡು ತಲೆಯೆತ್ತಿ, ಭೂಮಿಯ ಆಕರ್ಷಣೆಯ ನೆರವಿನಿಂದ ಗಂಟಲಿಗೆ ಇಳಿಸುತ್ತದೆ. ಪಾರಿವಾಳವಾದರೋ ತಲೆ ತಗ್ಗಿಸಿಯೇ ಹೀರಬಲ್ಲದು.

ಎರಡನೆಯದು ನುಂಗುವುದು. ಇದನ್ನು ನಮ್ಮಲ್ಲಿಯೇ ಪರೀಕ್ಷಿಸಿ ನೋಡಬಹುದು. ಗಂಟಲಿನ ಮುಂಭಾಗದ ಗಟ್ಟಿ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ, ಅದು ಮೇಲೇರಿ ಇಳಿಯುವುದು ತಿಳಿಯುತ್ತದೆ. ಅದೇ ಕ್ಷಣದಲ್ಲಿ ಮೃದುವಾದ ಅಂಗುಳು ಮೂಗಿನ ದಾರಿಯನ್ನೂ, ಎಲೆಯಂಥ ಮುಚ್ಚಳವೊಂದು ಶ್ವಾಸನಾಳದ ಬಾಯನ್ನೂ ಮುಚ್ಚುತ್ತವೆ. ಉಸಿರಾಟ ತುಸು ನಿಲ್ಲುತ್ತದೆ. ತುತ್ತು ಅನ್ನನಾಳವನ್ನು ಹೊಗುತ್ತದೆ.

ಅನ್ನನಾಳವು ಬರಿಯ ಕೊಳವೆಯಲ್ಲ. ಮನುಷ್ಯನಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದವಿರುವ ಈ ನಾಳದ ಗೋಡೆಯಲ್ಲಿ ಸ್ನಾಯುಗಳಿವೆ. ಹಾಲು ಕರೆಯುವವರು ಬೆರಳುಗಳನ್ನು ಒಂದರ ಹಿಂದೊಂದಾಗಿ ಬಿಗಿಯುವಂತೆ, ತುತ್ತಿನ ಹಿಂದಿನ ಸ್ನಾಯು ಬಿಗಿಯುತ್ತದೆ, ಮುಂದಿನದು ಸಡಿಲಗೊಳ್ಳುತ್ತದೆ. ಈ ಅಲೆಯು ಜಠರವನ್ನು ಮುಟ್ಟಲು ಸುಮಾರು 8ರಿಂದ 10 ಸೆಕೆಂಡು ಹಿಡಿಯುತ್ತದೆ. ನಿಂತು ಕುಡಿದ ನೀರು ಇದಕ್ಕಿಂತ ಬೇಗ ಇಳಿಯುತ್ತದೆ. ಅಲ್ಲಿ ಭೂಮಿಯ ಆಕರ್ಷಣೆಯೂ ಕೈಗೂಡಿಸುತ್ತದೆ. ಆದರೆ ಅದು ಸಹಾಯಕ ಮಾತ್ರ. ಎತ್ತು ಮೆಲುಕು ಹಾಕುವಾಗ ಇಂಥದೇ ಅಲೆ ಹಿಮ್ಮುಖವಾಗಿ ಹರಿದು ಮೇವನ್ನು ಬಾಯಿಗೆ ತರುತ್ತದೆ.

1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ, ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವು ಸಿದ್ಧಪಡಿಸಿದ ತಿನಿಸುಗಳೂ ಜೊತೆಗೆ ಹೋದುವು. ತೂಕವೇ ತಿಳಿಯದ, ಮೇಲು ಕೆಳಗೆಂಬುದಿಲ್ಲದ ಆ ನೆಲೆಯಲ್ಲಿಯೂ ತುತ್ತನ್ನು ಜಠರಕ್ಕೆ ಮುಟ್ಟಿಸುವುದು ಈ ಅಲೆಯೇ.

ಈ ಎಲ್ಲ ಚಲನೆಗಳನ್ನು ನಡೆಸುವುದು ಮೆದುಳು ಮತ್ತು ನರಗಳು. ಇದನ್ನು ಮರೆತರೆ ಅಪಾಯ ತಪ್ಪದು. ಬೇಸಗೆಯಲ್ಲಿ ಯಾರಾದರೂ ಮೂರ್ಛೆ ಹೋದರೆ ಒಡನೆಯೇ ಬಾಯಿಗೆ ನೀರು ಹೊಯ್ಯುವುದು ನಮ್ಮಲ್ಲಿ ವಾಡಿಕೆ. ನೀರು ತಾನಾಗಿ ಹೊಟ್ಟೆಗೆ ಇಳಿಯುವುದೆಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ಎಚ್ಚರ ತಪ್ಪಿದವನಲ್ಲಿ ಶ್ವಾಸನಾಳವನ್ನು ಕಾಯುವ ಕಾವಲು ಮಲಗಿರುತ್ತದೆ. ಹೊಯ್ದ ನೀರು ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಎರವಾಗಬಹುದು. ಅಂಥವನು ಉಸಿರಾಡುತ್ತಿದ್ದರೆ ನೆರಳಿನಲ್ಲಿ ಒಂದು ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ತಂಪುಮಾಡಿ, 108ಕ್ಕೆ ಕರೆಮಾಡೋಣ. ಪೂರ್ತಿ ಎಚ್ಚರಗೊಂಡು ತಾನೇ ನುಂಗಬಲ್ಲವನಾದ ಮೇಲೆ ನೀರು ಕೊಡೋಣ.